ಮೊಲದ ಗುರುತಿನ ಪಿಸ್ತೂಲು

ಕಿರ್ರ್... ಟೀಂಗ್, ಟೀಂಗ್, ಆಮೇಲೆ ಯಾರೋ ತಗಡಿನ ಡಬ್ಬಿಯೊಳಗೆ ಜಲ್ಲಿಕಲ್ಲು ಹಾಕಿ ಕುಲುಕಿದ ಹಾಗೆ ಉದ್ದನೆಯದೊಂದು ಸದ್ದು. ಆಗೆಲ್ಲ ಇಂಟರ್ನೆಟ್ಟಿಗೆ ಕನೆಕ್ಟ್ ಆಗುವ ಮೊದಲು ಮೋಡೆಮ್ ಹೀಗೆ ಅರಚಿಕೊಳ್ಳುತ್ತಿತ್ತು. ಮಧ್ಯಾಹ್ನ ಊಟದ ಪಾತ್ರೆ ತೊಳೆದು ನಾನು ಕೈ ಒರೆಸಿಕೊಳ್ಳುವ ಹೊತ್ತಿಗೆ ಕೆಳಗಿನ ಫ್ಲ್ಯಾಟಿನಿಂದ ಆ ಅರಚಾಟ ಕೇಳಿತೆಂದರೆ, ಡಾಕ್ಟರಮ್ಮ ಬೇಟೆಗೆ ಕೂತರು ಅಂತ ಅರ್ಥ. ನಾನು ಸ್ವೆಟರ್ ಏರಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದೆ.

ಜರ್ಮನಿಯವರು ಕಂಪ್ಯೂಟರ್ ಕಲಿತವರನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ವರ್ಷಗಳು ಅವು. ನನ್ನ ಮಗಳು ಹಾಗೆ ಹೋದವಳು. ಶ್ವೀಬರ್ಡಿಂಗೆನ್ ಅನ್ನುವ ಊರಿನಲ್ಲಿ ಕಾರಿನ ಎಲೆಕ್ಟ್ರಾನಿಕ್ಸ್ ಕೆಲಸ. ನಮ್ಮವರು ತೀರಿಕೊಂಡ ಮೇಲೆ ಮೊಮ್ಮಗಳನ್ನು ನೋಡಿಕೊಳ್ಳುವ ನೆಪದಲ್ಲಿ ನಾನು ವೀಸಾ ಇದ್ದಷ್ಟು ದಿನ ಅಲ್ಲಿರುವುದು, ಮುಗಿದಾಗ ಬೆಳಗಾವಿಗೆ ಬರುವುದು, ಮತ್ತೆ ಹೋಗುವುದು. ಆದರೆ ಮೊಮ್ಮಗಳು ಮಧ್ಯಾಹ್ನವೆಲ್ಲ ಕಿಂಡರ್‌ಗಾರ್ಟನ್ನಿನಲ್ಲಿ. ಮನೆಗೆ ಬಂದರೂ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್‌ನಲ್ಲಿ ಉತ್ತರ. ಆನೆಸ್ಟ್ಲಿ, ನನಗೆ ಮಾತಿನ ಹಸಿವಾಗಿತ್ತು.

ಡಾಕ್ಟರಮ್ಮನ ಪರಿಚಯವಾದದ್ದು ಮೆಟ್ಟಿಲು ತೊಳೆದು. ಆ ಕಡೆ ಕೇರ್‌ವೋಖೆ ಅಂತ ಒಂದು ಪದ್ಧತಿ. ಒಂದು ಪುಟ್ಟ ಹಲಗೆ ವಾರಕ್ಕೊಬ್ಬರ ಬಾಗಿಲಿಗೆ ಬಂದು ನೇತಾಡುತ್ತದೆ. ಅದು ಬಂದವರು ಆ ವಾರ ಮೆಟ್ಟಿಲು ಸ್ವಚ್ಛ ಮಾಡಬೇಕು. ನಾನು ನಮ್ಮೂರಿನ ರೀತಿ ಬಕೆಟ್ ಬಕೆಟ್ ನೀರು ಸುರಿದು, ಪೊರಕೆ ಹಿಡಿದು ಭರ್ಜರಿಯಾಗಿ ತೊಳೆದೆ. ನೀರೆಲ್ಲ ಕೆಳಗಿನ ಮನೆಯ ಬಾಗಿಲ ಸಂದಿಯಿಂದ ಒಳಗೆ ಹರಿಯಿತು. ಬಾಗಿಲು ತೆರೆಯಿತು. ಎತ್ತರದ ಮುದುಕಿ, ಹಣೆಯ ಮೇಲೆ ಏರಿಸಿಕೊಂಡ ಭೂತಗನ್ನಡಿ, ಒಂದು ಕಾಲಿನ ಚಪ್ಪಲಿ ಒದ್ದೆ.

"ಮ್ಯಾಡಮ್," ಅಂದರು ಇಂಗ್ಲಿಷಿನಲ್ಲಿ, "ನಾವಿಲ್ಲಿ ಮೆಟ್ಟಿಲು ಒರೆಸುತ್ತೇವೆ. ಬ್ಯಾಪ್ಟೈಜ್ ಮಾಡುವುದಿಲ್ಲ."

ನಾನು ಕಾನ್ವೆಂಟಿನಲ್ಲಿ ಓದಿದವಳು, ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳು. ಆ ಮಾತಿಗೆ ಎಷ್ಟು ನಕ್ಕೆನೆಂದರೆ ಬಕೆಟ್ ಕೆಳಗಿಡಬೇಕಾಯಿತು. ಅವರೂ ನಕ್ಕರು. ಒಳಗೆ ಕರೆದು ಕಾಫಿ ಕೊಟ್ಟರು.

ಅವರು ನಿವೃತ್ತ ಹಲ್ಲಿನ ಡಾಕ್ಟರು. ಯುದ್ಧ ಮುಗಿದ ಕಾಲಕ್ಕೆ ಅಮೆರಿಕನ್ ಸೈನಿಕರಿಂದ ಇಂಗ್ಲಿಷ್ ಕಲಿತಿದ್ದರು. ಮೇಜಿನ ಮೇಲೆ ಕಂಪ್ಯೂಟರು, ಅದರ ಮೇಲೆ ಬಾಗಿದ ಹಳೆಯ ಡೆಂಟಲ್ ಲ್ಯಾಂಪು. ಪರದೆಯ ಮೇಲೆ ಒಂದು ಹಳೇ ಪಿಸ್ತೂಲಿನ ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಆನ್‌ಲೈನ್ ಹರಾಜಿನಲ್ಲಿ ಪುರಾತನ ಅಂತ ಮಾರಾಟಕ್ಕಿಟ್ಟ ಬಂದೂಕು, ಪಿಸ್ತೂಲುಗಳಲ್ಲಿ ಸುಳ್ಳನ್ನು ಹುಡುಕುವುದು ಅವರ ದಿನಚರಿ. ಅದೂ ಕಲ್ಲು ಕಿಡಿ ಹಾರಿಸಿ ಮದ್ದು ಹೊತ್ತಿಸುವ ಕಾಲದವು.

"ನಿಮ್ಮ ಹತ್ತಿರ ಎಷ್ಟಿವೆ?" ಅಂತ ಕೇಳಿದೆ.

"ಒಂದೂ ಇಲ್ಲ," ಅಂದರು. ಗೋಡೆಯ ಮೇಲೆ, ಮೇಜಿನ ನೇರಕ್ಕೆ, ಒಂದು ಬರೀ ಮೊಳೆ ಇತ್ತು.

ಮೊಳೆಯ ಕಥೆ ತಿಳಿಯಲು ಇನ್ನೂ ಕೆಲವು ಕಾಫಿಗಳು ಬೇಕಾದವು. ಅವರ ತಂದೆಯ ಹತ್ತಿರ ಮುತ್ತಜ್ಜನ ಕಾಲದ ಒಂದು ಪಿಸ್ತೂಲಿತ್ತಂತೆ. ಅದರ ಕುದುರೆಯ, ಅಂದರೆ ಕಿಡಿಕಲ್ಲು ಕಚ್ಚಿಕೊಂಡ ಕೊಕ್ಕೆಯ, ಕೆಳಗಿನ ಕಬ್ಬಿಣದ ಪಟ್ಟಿಯ ಮೇಲೆ ಓಡುವ ಮೊಲ, ಓಡುತ್ತಲೇ ಹಿಂತಿರುಗಿ ನೋಡುವ ಮೊಲ. ಯುದ್ಧ ಸೋತಾಗ ಮನೆಯಲ್ಲಿರುವ ಆಯುಧವನ್ನೆಲ್ಲ ತಂದೊಪ್ಪಿಸಿ ಅಂತ ಗೆದ್ದ ಸೈನ್ಯದ ಆಜ್ಞೆಯಾಯಿತು. ತಂದೆಗೆ ಕಾಲು ಸರಿಯಿರಲಿಲ್ಲ. ಆಗಿನ್ನೂ ಹುಡುಗಿಯಾಗಿದ್ದ ಡಾಕ್ಟರಮ್ಮ ಅದನ್ನು ಅಡುಗೆಯ ಏಪ್ರನ್ನಿನಲ್ಲಿ ಸುತ್ತಿಕೊಂಡು ಹೋಗಿ ರಾಥೌಸಿನ, ಅಂದರೆ ಪೌರಸಭೆಯ ಕಟ್ಟಡದ, ಮುಂದಿನ ರಾಶಿಯ ಮೇಲಿಟ್ಟು ಬಂದರು. ಪಿಸ್ತೂಲು ತೂಗುತ್ತಿದ್ದ ಮೊಳೆಯನ್ನು ಮಾತ್ರ ತಂದೆ ಕೀಳಲು ಬಿಡಲಿಲ್ಲ. ಮನೆ ಬದಲಿಸಿದಾಗಲೂ ಅದನ್ನು ಕಿತ್ತು ತಂದು ಹೊಸ ಗೋಡೆಗೆ ಹೊಡೆದರು. ತಂದೆಯ ನಂತರ ಮಗಳೂ ಹಾಗೇ ಮಾಡಿದರು.

"ಆ ರಾಶಿಯಿಂದ ಯಾರಾದರೂ ಸೈನಿಕ ಜೇಬಿಗೆ ಹಾಕಿಕೊಂಡಿರಬೇಕು. ಚಂದದ ಸಾಮಾನನ್ನು ಯಾರೂ ಕರಗಿಸುವುದಿಲ್ಲ," ಅಂದರು. "ಅವನೂ ಮುದುಕನಾಗಿರುತ್ತಾನೆ. ಈಗ ಅವನ ಮೊಮ್ಮಕ್ಕಳು ಮಾರುತ್ತಾರೆ."

ಅಂತೂ ಹುಡುಕುತ್ತಿದ್ದದ್ದು ಒಂದನ್ನು. ಹುಡುಕುತ್ತ ಹುಡುಕುತ್ತ ಕಣ್ಣು ಹರಿತವಾಗಿದ್ದು ನೂರಾರರ ಮೇಲೆ. ವಾಟ್ ಎ ಪೇರ್ ಆಫ್ ಐಸ್! ತುಕ್ಕು ಎಲ್ಲ ಕಡೆ ಒಂದೇ ಸಮ ಇದ್ದರೆ ಆಸಿಡ್ ಹಚ್ಚಿದ್ದಾರೆ ಅನ್ನುವರು. "ನಿಜವಾದ ಹಲ್ಲು ಒಂದೇ ಸಮ ಸವೆಯುತ್ತದೆಯೇ? ಎಡಗಡೆ ಅಗಿಯುವವನದು ಎಡಕ್ಕೆ ಸವೆಯುತ್ತದೆ." ಕೈ ತಾಕುವ ಕಡೆ ಮರ ನುಣುಪಾಗಿ ಕಪ್ಪಾಗಬೇಕು. ಕೈ ಹೋಗದ ಮೂಲೆಯೂ ಅಷ್ಟೇ ಕಪ್ಪಗಿದ್ದರೆ ಅದು ಬಣ್ಣ. ಕೆತ್ತಿದ ಗೆರೆಗೆ ಅಂಚು ಚೂಪು. ಅಚ್ಚಿಗೆ ಎರಕ ಹೊಯ್ದದ್ದಾದರೆ ಅಂಚು ಮೊಂಡು, ಬಾಯಲ್ಲಿಟ್ಟು ಚೀಪಿದ ಪೆಪ್ಪರ್‌ಮಿಂಟಿನ ಹಾಗೆ. ಮಾರುವವರ ವರ್ಣನೆಯಲ್ಲಿ "ದಾಖ್‌ಬೋಡನ್‌ಫುಂಡ್", ಅಂದರೆ ಅಟ್ಟದ ಮೇಲೆ ಸಿಕ್ಕಿದ್ದು ಅಂತ ಬರೆದಿದ್ದರಂತೂ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಮೈ ಡಿಯರ್, ಇಷ್ಟೊಂದು ಪಿಸ್ತೂಲಿಗೆ ಸಾಲುವಷ್ಟು ಅಟ್ಟಗಳು ಇಡೀ ಜರ್ಮನಿಯಲ್ಲಿಲ್ಲ," ಅನ್ನುವರು.

ಸುಳ್ಳು ಕಂಡರೆ ಮಾರುವವರಿಗೆ ಇಮೇಲ್ ಬರೆಯುವರು. ಬೈದಲ್ಲ. "ಬಹುಶಃ ನಿಮಗೂ ಯಾರೋ ಮೋಸ ಮಾಡಿರಬಹುದು" ಅಂತ ಶುರು. ಒಬ್ಬ, ಮುದುಕಿ ನೀನು ಸುಮ್ಮನೆ ಸ್ವೆಟರ್ ಹೆಣಿ ಅಂತ ಉತ್ತರ ಕೊಟ್ಟ. ಇವರು ತಣ್ಣಗೆ, "ಹೆಣೆಯುತ್ತೇನೆ. ಅಲ್ಲಿಯೂ ಸೂಜಿಯಿಂದ ಬಿಟ್ಟುಹೋದ ಕುಣಿಕೆ ನನಗೆ ಕೂಡಲೇ ಕಾಣುತ್ತದೆ," ಅಂತ ಬರೆದರು. ಮರುದಿನ ಅವನ ಪಿಸ್ತೂಲು ಹರಾಜಿನಿಂದ ಮಾಯ.

ನನ್ನ ಮಗಳಿಗೆ ಇದೆಲ್ಲ ಎದೆಗುದಿ. "ಅವ್ವಾ, ಆ ಅಜ್ಜಿ ಕೂಡ ಕುಂತು ಪಿಸ್ತೂಲ್ ಗಿಸ್ತೂಲ್ ನೋಡಬ್ಯಾಡ ನೀ. ಆಸ್‌ಲೆಂಡರ್‌ಆಮ್ಟ್, ಆ ವೀಸಾ ಆಫೀಸಿನವ್ರಿಗೆ ಗೊತ್ತಾತಂದ್ರ ನನ್ನ ಪರ್ಮಿಟ್ಟಿಗೆ ಬರತೈತಿ."

"ಪೊಲೀಸ್ ಇನ್‌ಸ್ಪೆಕ್ಟರನ ಮಗಳು ನಾ. ನನಗ ಕಾನೂನು ಹೇಳಾಕ ಬರ್ತಿಯೇನ? ಆ ಕಾಲದ ಪಿಸ್ತೂಲಿಗೆ ಇಲ್ಲೆ ಲೈಸೆನ್ಸ್ ಬೇಕಾಗಂಗಿಲ್ಲಂತ. ಡಾಕ್ಟರ್ ಹೇಳ್ಯಾರ."

"ಹಲ್ಲಿನ ಡಾಕ್ಟರ್!"

"ಹಲ್ಲಿದ್ದಾವ್ರೇ ಕಚ್ಚೋದವ್ವಾ," ಅಂದೆ.

ಒಂದು ದಿನ ಮೋಡೆಮ್ ಅರಚಿ ನಿಂತು ಸ್ವಲ್ಪ ಹೊತ್ತಿಗೆ ನಮ್ಮ ಬೆಲ್ ಬಾರಿಸಿತು. ಡಾಕ್ಟರಮ್ಮ ತಾವಾಗಿ ಮೇಲೆ ಬಂದದ್ದು ಅದೇ ಮೊದಲು. ಮುಖ ಬಿಳುಪೇರಿತ್ತು. "ಬನ್ನಿ. ಮೊಲ ಬಂದಿದೆ."

ನಿಜಕ್ಕೂ ಬಂದಿತ್ತು. ಓಡುವ ಮೊಲ, ಹಿಂತಿರುಗಿದ ಮುಖ. ಇದೇ ಸೀಮೆಯ ಒಬ್ಬ ಫಾರೆಸ್ಟರ್‌ನ ಮನೆತನದ್ದು, ಮೊದಲಿನಿಂದಲೂ ಮನೆಯ ಹೊರಗೆ ಹೋದದ್ದಿಲ್ಲ, ಅಂತ ವರ್ಣನೆ.

"ಮನೆ ಬಿಟ್ಟು ಹೋಗಿಲ್ಲ ಅಂತಿದೆಯಲ್ಲ ಡಾಕ್ಟರ್?"

"ರಾಶಿಯಿಂದ ಎತ್ತಿಕೊಂಡವನು ಫಾರೆಸ್ಟರ್‌ನೇ ಇರಬಹುದು. ಕದ್ದದ್ದು ಅಂತ ಬರೆಯುತ್ತಾನೆಯೇ?" ಅಂದರು ಅವಸರವಾಗಿ. ಆಮೇಲೆ ಭೂತಗನ್ನಡಿ ಬಿಚ್ಚಿ ನನ್ನ ಕೈಗಿಟ್ಟರು. "ನಾನು ನೋಡಲಾರೆ. ನನಗೆ ಇದು ಬೇಕು ಅನ್ನಿಸಿಬಿಟ್ಟಿದೆ. ಯಾವ ಡೆಂಟಿಸ್ಟೂ ತನ್ನ ಹಲ್ಲು ತಾನೇ ಕೀಳಬಾರದು. ನೀವು ನೋಡಿ. ಸುಳ್ಳಿದ್ದರೆ ಹೇಳಿ."

ಅಷ್ಟು ವರ್ಷ ಕಾದ ಮನುಷ್ಯರು, ತಮ್ಮ ಆಸೆಯನ್ನೇ ಹೀಗೆ ಅನುಮಾನಿಸಿ ಪಕ್ಕಕ್ಕೆ ಸರಿದು ಕೂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ನೋಡಿದೆ. ಮರ ಚೆನ್ನಾಗಿತ್ತು, ತುಕ್ಕು ನಂಬುವ ಹಾಗಿತ್ತು. ಮೊಲದ ಹೊಟ್ಟೆಯ ಕೆಳಗಿನ ಗೆರೆಯಲ್ಲಿ ಮಾತ್ರ ಒಂದು ಕೆಂಪು ಕೂತಿತ್ತು. ತುಕ್ಕಿನ ಕೆಂಪಲ್ಲ. ಅದರ ಅಂಚಿಗೆ ಒಂಚೂರು ಹಳದಿ. ಆ ಬಣ್ಣ ನನಗೆ ಗೊತ್ತು.

ನಮ್ಮ ಅಪ್ಪನ ಠಾಣೆಯಲ್ಲಿ ಖಂಡೇನವಮಿಯ ದಿನ ಬಂದೂಕುಗಳನ್ನೆಲ್ಲ ಜಮಖಾನೆಯ ಮೇಲೆ ಸಾಲಾಗಿ ಮಲಗಿಸಿ ಪೂಜೆ ಮಾಡುತ್ತಿದ್ದರು. ಅರಿಶಿನ, ಎಣ್ಣೆಯಲ್ಲಿ ಕಲಸಿದ ಕುಂಕುಮ, ಅಕ್ಷತೆ, ಚೆಂಡುಹೂವು. ಮರುದಿನ ಕಾನ್ಸ್‌ಟೇಬಲ್ಲುಗಳು ಕಡ್ಡಿಗೆ ಬಟ್ಟೆ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕಿದ್ದೇ ತಿಕ್ಕಿದ್ದು. ಸಂದಿಯೊಳಗಿನ ಕುಂಕುಮ ಜಪ್ಪಯ್ಯ ಅಂದರೂ ಬಿಡದು. ಅಪ್ಪ ಸೊಂಟಕ್ಕೆ ಕೈಯಿಟ್ಟು ನಿಂತು, "ಏನಲೇ, ನಿನ್ನ ಹೇಂತಿ ಹಣಿ ಅಂತ ತಿಳದಿದ್ದಿಯೇನ, ಇಷ್ಟ್ಯಾಕ ಬಳದೀ?" ಅಂತ ರೇಗಿಸುತ್ತಿದ್ದರು.

"ಡಾಕ್ಟರ್," ಅಂದೆ. "ಈ ಪಿಸ್ತೂಲಿಗೆ ಪೂಜೆ ಆಗಿದೆ. ನಮ್ಮ ದೇಶದಲ್ಲಿ." ಕಾರಖಾನೆಗಳಲ್ಲಿಯೂ ವರ್ಷಕ್ಕೊಮ್ಮೆ ಉಪಕರಣಕ್ಕೆ, ತಯಾರಾದ ಮಾಲಿಗೆ ಕುಂಕುಮವಿಡುತ್ತಾರೆ; ಇದು ಅಂಥ ಯಾವುದೋ ಕಾರಖಾನೆಯಲ್ಲಿ ಹುಟ್ಟಿ, ಆಸಿಡ್ ಕುಡಿದು ಮುದಿಯಾಗಿ ಇಲ್ಲಿಗೆ ಬಂದಿರಬೇಕು, ಅಂತ ವಿವರಿಸಿದೆ. ಮೋಸಕ್ಕೆಂದೇ ಮಾಡಿದರೋ, ಶೋಕೇಸಿಗೆಂದು ಮಾಡಿದ್ದನ್ನು ನಡುವಿನವರು ಯಾರೋ ಮುದಿ ಮಾಡಿದರೋ, ಅದು ನನಗೆ ತಿಳಿಯದು.

ಅವರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ಕೆಂಪು ಅನ್ನುವುದು ಅನುಮಾನ. ಪ್ರೂಫ್ ಬೇಕು," ಅಂದರು. ಮಾರುವವನಿಗೆ ಟೈಪ್ ಮಾಡಿದರು: ಕಿಡಿ ಒಳಹೋಗುವ ತೂತಿನದ್ದೂ ಕುದುರೆಯ ಸಂದಿನದ್ದೂ ಹತ್ತಿರದ ಫೋಟೋ ಕಳಿಸುವಿರಾ?

ಮಾರುವವನು ಸಂಭಾವಿತ, ಕಳಿಸಿದ. ಚಿತ್ರ ಗೆರೆ ಗೆರೆಯಾಗಿ ಇಳಿಯಿತು. ಕಿಡಿ ಹೋಗಬೇಕಾದ ಕಡೆ ತೂತೇ ಇರಲಿಲ್ಲ, ಬರೀ ಒಂದು ಚುಕ್ಕೆ. ಅದು ಎಂದೂ ಗುಂಡು ಹಾರಿಸಿದ್ದಲ್ಲ, ಹಾರಿಸುವುದೂ ಅಲ್ಲ. ಕುದುರೆಯ ಬುಡದಲ್ಲಿ, ಒಣಗಿದ ಎಣ್ಣೆಗೆ ಅಂಟಿಕೊಂಡು, ಒಂದು ಹಳದಿ ಅಕ್ಕಿಕಾಳು.

"ಇದೇನು?"

"ಅಕ್ಷತೆ. ಆಶೀರ್ವಾದ ಮಾಡುವಾಗ ಹಾಕುತ್ತೇವೆ."

ಡಾಕ್ಟರಮ್ಮ ಭೂತಗನ್ನಡಿ ವಾಪಸು ತೆಗೆದುಕೊಂಡು ಕಣ್ಣಿಗೇರಿಸಿದರು. ಮೊದಲ ಚಿತ್ರಕ್ಕೆ ಹೋಗಿ ಮೊಲವನ್ನು ಮೂಗು ತಾಕುವಷ್ಟು ಹತ್ತಿರದಿಂದ ನೋಡಿದರು. ಅಂಚು ಮೊಂಡು, ಅಚ್ಚಿನ ಎರಕ. ಅಳುತ್ತಾರೇನೋ ಅಂದುಕೊಂಡೆ. ಬದಲಿಗೆ ಮೆಲ್ಲಗೆ ನಗಲಿಕ್ಕೆ ಹತ್ತಿದರು.

"ಯೋಚಿಸಿ ನೋಡಿ. ಹಲ್ಲಿನ ಅಚ್ಚು ತೆಗೆಯಬೇಕಾದರೆ ನಾನು ಮೇಣ ಎಲ್ಲಿಡುತ್ತಿದ್ದೆ? ಒಂದು ನಿಜವಾದ ಬಾಯಲ್ಲಿ. ಈ ಮೊಲದ ಅಚ್ಚು ತೆಗೆದವನ ಮುಂದೆ ಒಂದು ನಿಜವಾದ ಮೊಲ ಇತ್ತು. ಅಂದರೆ ಅದು ಕರಗಿಲ್ಲ! ಎಲ್ಲೋ ಇದೆ!"

ಮಾರುವವನಿಗೆ ಎಂದಿನಂತೆಯೇ ಬರೆದರು: ಬಹುಶಃ ನಿಮಗೂ ಯಾರೋ ಮೋಸ ಮಾಡಿರಬಹುದು. ಅವನು ಥ್ಯಾಂಕ್ಸ್ ಹೇಳಿ ವರ್ಣನೆ ಬದಲಿಸಿದ. ಫಾರೆಸ್ಟರ್ ಹೋಗಿ "ಅಲಂಕಾರಕ್ಕೆ" ಅನ್ನುವ ಮಾತು ಬಂತು.

ಆ ವರ್ಷ ಖಂಡೇನವಮಿಗೆ ನನ್ನನ್ನು ಕೆಳಗೆ ಕರೆದರು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಭೂತಗನ್ನಡಿ, ಹಲ್ಲು ನೋಡುವ ಪುಟ್ಟ ಕನ್ನಡಿ, ಮೋಡೆಮ್ ಸಾಲಾಗಿ ಇಟ್ಟಿದ್ದರು. "ಇವು ನನ್ನ ಆಯುಧ. ಮಾಡಿ ಪೂಜೆ." ನಾನು ಎಲ್ಲಕ್ಕೂ ಕುಂಕುಮವಿಟ್ಟೆ. ಒಂದು ವಾರ ಬಿಟ್ಟು ದೂರು ಬಂತು, "ನಿಮ್ಮ ಕೆಂಪು ಭೂತಗನ್ನಡಿಯ ಚೌಕಟ್ಟಿನಿಂದ ಹೋಗುತ್ತಿಲ್ಲ."

"ಹೋಗುವುದಿಲ್ಲ ಡಾಕ್ಟರ್. ನಿಮಗೇ ಗೊತ್ತಲ್ಲ."

ಮುಂದಿನ ವಸಂತಕ್ಕೆ ಮಗಳಿಗೆ ಮ್ಯಾನ್‌ಹೈಮ್ ಹತ್ತಿರ ಕೆಲಸವಾಯಿತು. ಸಾಮಾನಿನ ವ್ಯಾನು ಮುಂದೆ ಹೊರಟು, ಮಗಳು ಕಾರು ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದಳು. ನಾನು ಹೇಳಿಹೋಗಲೆಂದು ಕೆಳಗಿನ ಬಾಗಿಲಿಗೆ ಬಂದೆ. ಒಳಗೆ ಮೋಡೆಮ್ ಆಗತಾನೆ ಅರಚಿ ಸುಮ್ಮನಾಗಿತ್ತು. ಬಾಗಿಲು ತೆರೆದೇ ಇತ್ತು. ಡಾಕ್ಟರಮ್ಮ ನನಗೆ ಬೆನ್ನು ಹಾಕಿ, ಲ್ಯಾಂಪಿನ ಕೆಳಗೆ ಬಾಗಿ ಕೂತಿದ್ದರು.

"ಡಾಕ್ಟರ್, ಬರ್ತೀನಿ."

"ಮೊಮೆಂಟ್, ಮೊಮೆಂಟ್," ಅಂದರು. ತಿರುಗಲಿಲ್ಲ. ಒಂದು ಕೈ ಮೇಲೆತ್ತಿ, ನಿಲ್ಲಿ ಅಂತ ಸನ್ನೆ ಮಾಡಿದರು. ಪರದೆಯ ಮೇಲೆ ಪಿಸ್ತೂಲಿನ ನಳಿಗೆ ಇಳಿದಿತ್ತು. ಕುದುರೆ ಇಳಿಯಿತು. ಅದರ ಕೆಳಗಿನ ಪಟ್ಟಿಯಲ್ಲಿ ಎರಡು ಉದ್ದ ಕಿವಿಗಳು ಮೂಡಿದವು. ಮುಖ ಯಾವ ಕಡೆಗಿದೆಯೋ, ಅದು ಇನ್ನೂ ಬರಬೇಕಿತ್ತು. ಹೊರಗೆ ಮಗಳು ಹಾರ್ನ್ ಬಾರಿಸಿ, "ಅವ್ವಾ, ಬಾ ಲಗೂನ!" ಅಂತ ಕೂಗಿದಳು. ಆ ಎತ್ತಿದ ಕೈ ಹಾಗೇ ಇತ್ತು, ನಾನು ಬಾಗಿಲಿನಿಂದ ಹಿಂದೆ ಸರಿಯುವವರೆಗೂ.