ಯಂತ್ರದ ಕೈಗುಣ

ನನಗೆ ಕೈಗುಣವಿಲ್ಲ. ನಾನು ನೆಟ್ಟ ಮೆಣಸಿನ ಸಸಿ ಒಣಗುತ್ತದೆ. ನಾನು ಹೆಪ್ಪು ಹಾಕಿದ ಹಾಲು ಬೆಳಗಾದರೂ ಹಾಲಾಗಿಯೇ ಇರುತ್ತದೆ. ಹೆಂಡತಿ ನನ್ನನ್ನು ಅಡುಗೆಮನೆಯಿಂದ ಎಂದೋ ಹೊರಹಾಕಿದ್ದಳು, ಈಗ ಹಿತ್ತಿಲಿಗೂ ಪ್ರವೇಶವಿಲ್ಲ. ಹಾನಗಲ್ಲಿನಲ್ಲಿ ಇಂಥವನಿಗೆ ಉಳಿದ ಕೆಲಸವೆಂದರೆ ಕಟ್ಟೆಯ ಮೇಲೆ ಕುಳಿತು ಪೇಪರಿನಲ್ಲಿ ವಿಜ್ಞಾನದ ಸುದ್ದಿ ಓದುವುದು.

ತಿಳವಳ್ಳಿಯ ನನ್ನ ಅಕ್ಕ ಗಂಗವ್ವ ಇದಕ್ಕೆ ತದ್ವಿರುದ್ಧ. ಭತ್ತ ಬಿತ್ತುವಾಗ ಕೂರಿಗೆಗೆ ಪೂಜೆ ಮಾಡಿ, ಮೊದಲ ಹಿಡಿ ಬೀಜವನ್ನು ಊರವರು ಅವಳ ಕೈಯಿಂದಲೇ ಬಿಡಿಸುತ್ತಾರೆ. ಅಂಥವಳ ಮನೆಯಲ್ಲೇ ತೊಟ್ಟಿಲು ತೂಗಲಿಲ್ಲವೆಂದು ಜನ ಆಡಿಕೊಳ್ಳುವುದು ಸೊಸೆ ಶೈಲಾಳ ಕಿವಿಗೂ ಬೀಳುತ್ತಿತ್ತು. ಅವಳು ಮಾತನ್ನೇ ಕಡಿಮೆ ಮಾಡಿದ್ದಳು. ಹುಬ್ಬಳ್ಳಿಯ ಆಸ್ಪತ್ರೆಯ ಚಿಕಿತ್ಸೆ ಹಿಂದೆ ಫಲಿಸಿರಲಿಲ್ಲ. ಈ ಸಲದ್ದೇ ಕೊನೆ, ಇನ್ನು ತನ್ನ ದೇಹ ತಾಳದು ಎಂದು ಗಂಡನಿಗೆ ಹೇಳಿಬಿಟ್ಟಿದ್ದಳು.

ಆ ಕೊನೆಯ ಚಿಕಿತ್ಸೆಯ ದಿನ ಅತ್ತೆ ಸೊಸೆಯರ ಜೊತೆಗೆ ನಾನೂ ಹುಬ್ಬಳ್ಳಿಗೆ ಹೋದೆ. ಶೈಲಾಳ ಅಂಡಾಣುಗಳನ್ನು ತೆಗೆದಾದ ಮೇಲೆ ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಮುಂದಿನ ಕೆಲಸದ ವಿಡಿಯೊ ತೋರಿಸಿದರು. ಗಾಜಿನ ಕೊಳವೆಯೊಂದು ಅಂಡಾಣುವನ್ನು ಮೆಲ್ಲಗೆ ಹಿಡಿದುಕೊಳ್ಳುತ್ತದೆ. ಕೂದಲಿಗಿಂತ ತೆಳುವಾದ ಸೂಜಿ ಒಂದೇ ಒಂದು ವೀರ್ಯಾಣುವನ್ನು ಒಳಗೆ ಬಿಟ್ಟು ಹಿಂದೆ ಸರಿಯುತ್ತದೆ. ಮೊದಲು ಇದನ್ನು ಅವರೇ ಉಸಿರು ಬಿಗಿಹಿಡಿದು ಮಾಡುತ್ತಿದ್ದರಂತೆ. ಈಗ ಸೂಜಿ ಆಡಿಸುವುದು ರೋಬೋಟ್, ಅವರದು ಬರೀ ಮೇಲ್ವಿಚಾರಣೆ.

ಅಕ್ಕ ಸೆರಗಿನ ಗಂಟು ಬಿಚ್ಚಿ ಅರಿಷಿಣ ಕುಂಕುಮ ತೆಗೆದಳು. ಬಿತ್ತುವ ಸಾಮಾನು ಯಾವುದಾದರೇನು, ಪೂಜೆಯಿಲ್ಲದೆ ಬೀಜ ಬಿಡುವುದು ಅವಳ ಲೆಕ್ಕದಲ್ಲಿ ತಪ್ಪು. ಲ್ಯಾಬಿನೊಳಗೆ ಒಂದು ಕಣ ಧೂಳೂ ಹೋಗಬಾರದೆಂದು ಡಾಕ್ಟರಮ್ಮ ಕೈಮುಗಿದರು. ಕೊನೆಗೆ ಲ್ಯಾಬಿನ ದೂರದ ಹೊರಬಾಗಿಲಿಗೆ ಕುಂಕುಮ ಹತ್ತಿತು. ನರ್ಸ್ ಬಟ್ಟೆ ತಂದಳು, ಡಾಕ್ಟರಮ್ಮ ಇರಲಿ ಬಿಡು ಎಂದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆಗ.

ವಾರ್ಡಿನಲ್ಲಿ ಶೈಲಾಳ ಮಂಚದ ಪಕ್ಕ ಕುಳಿತು ನಾನು ಉಪನ್ಯಾಸ ಶುರುಮಾಡಿದೆ. ಯಂತ್ರದ ಕೈ ನಡುಗುವುದಿಲ್ಲ, ದಣಿಯುವುದಿಲ್ಲ, ಹಿಂದಿನ ರಾತ್ರಿ ಗಂಡನೊಡನೆ ಜಗಳವಾಡಿ ಬಂದಿರುವುದಿಲ್ಲ. ಕೇಳುವವರು ಸಿಕ್ಕಿದರೆ ನಾನು ಬೇಗ ನಿಲ್ಲಿಸುವವನಲ್ಲ.

“ನನ್ನ ಕೈ ನಡಗತೈತಿ ತಮ್ಮಾ,” ಎಂದಳು ಅಕ್ಕ. “ಪ್ರತಿ ವರ್ಷ ಮೊದಲ ಹಿಡಿ ಬಿಡೂ ಮುಂದ ನಡಗತೈತಿ. ಬೀಜ ಹುಟ್ಟದಿದ್ರ ಆ ಮನಿಯವರ ಮಾರಿ ಹೆಂಗ ನೋಡ್ಲಿ ಅಂತ.”

ಕೈಗುಣವೆಂದು ನಾವು ಹಾಡಿ ಹೊಗಳುವಾಗ ಆ ಕೈಯವಳ ಭಯವನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಶೈಲಾ ಮಾತ್ರ ಗೋಡೆಯ ಕಡೆಗಿದ್ದ ಮುಖವನ್ನು ಮೆಲ್ಲಗೆ ಈಚೆ ತಿರುಗಿಸಿದಳು.

“ಅತ್ತಿ, ಈ ಸರ್ತಿನೂ ಆಗಲಿಲ್ಲಂದ್ರ?”

ಅಕ್ಕ ಅವಳ ಹಣೆಯ ಮೇಲಿನ ಕೂದಲು ಸರಿಸಿದಳು. “ಆಗಲಿಲ್ಲಂದ್ರ ಸೂಜಿ ಸಾಕು ಮಾಡೂಣು. ನಾ ಮೊಮ್ಮಗನ್ನ ಕೇಳಾಕ ಬಂದಿಲ್ಲ ಯವ್ವಾ, ನಿನ್ನ ಮನಿಗೆ ಕರ್ಕೊಂಡು ಹೋಗಾಕ ಬಂದೇನಿ.”

ಶೈಲಾ ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿ ಗಟ್ಟಿಯಾಗಿ ಅತ್ತಳು. ಅಷ್ಟರಲ್ಲಿ ಡಾಕ್ಟರಮ್ಮ ಬಂದು, ಒಳಗೆ ಎಲ್ಲವೂ ಸರಿಯಾಗಿ ಮುಗಿಯಿತು, ಅಂಡಾಣುಗಳು ಸುರಕ್ಷಿತವಾಗಿವೆ, ಇನ್ನು ಅವು ಫಲಿಸುವುದನ್ನು ಕಾಯಬೇಕು ಎಂದರು. ಅತ್ತೆ ಸೊಸೆ ಇಬ್ಬರಿಗೂ ಅದು ಕೇಳಿಸಲಿಲ್ಲ. ಆಮೇಲೆ ಹೇಳಿದರಾಯಿತೆಂದು ನಾನು ಚಹಾ ತರಲು ಎದ್ದೆ.