ಲಾಯಕ್ಕೆ ಹಾಸಿದ ಟೈಲ್ಸ್

ನಾನು ಹುಟ್ಟಿ ಬೆಳೆದದ್ದು ಕುದುರೆ ಲಾಯದಲ್ಲಿ. ಹಾಗಂದರೆ ಜನ ನಗುತ್ತಾರೆ, ನಗಲಿ. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಗಲ್ಲಿಯಲ್ಲಿದ್ದ ಆ ಕಟ್ಟಡವನ್ನು, ಜಟಕಾ ಓಡಿಸುತ್ತಿದ್ದ ನಮ್ಮ ತಾತನಿಗೆ ಒಬ್ಬ ಜಮೀನ್ದಾರರು ಬಿಟ್ಟುಕೊಟ್ಟಿದ್ದರು. ಕಾಗದದಲ್ಲಿ ಒಂದೇ ಷರತ್ತು: ಇಲ್ಲಿ ಕುದುರೆ ಕಟ್ಟುವವರೆಗೆ ಜಾಗ ನಿಮ್ಮದು, ಕಟ್ಟದ ವರ್ಷ ಖಾಲಿ ಮಾಡಬೇಕು.

ಜಟಕಾ ಹೋಯಿತು, ತಾತ ಹೋದರು, ಷರತ್ತು ಮಾತ್ರ ಉಳಿಯಿತು. ಕುದುರೆ ನಿಲ್ಲುತ್ತಿದ್ದ ಕಡೆ ನಮ್ಮ ಮಂಚ ಬಂತು, ಹುಲ್ಲು ಹಾಕುವ ಗೋದಲಿಯಲ್ಲಿ ನನ್ನ ಪುಸ್ತಕಗಳು ಕೂತವು. ಗಂಜಲ ಹರಿದುಹೋಗಲಿ ಅಂತ ಕಲ್ಲಿನ ನೆಲವನ್ನು ಬಾಗಿಲ ಕಡೆಗೆ ಇಳಿಜಾರು ಮಾಡಿದ್ದರು. ಊಟಕ್ಕೆ ಕೂತರೆ ಸಾರು ತಟ್ಟೆಯ ಒಂದೇ ಬದಿಗೆ ಸೇರುತ್ತಿತ್ತು, ನಿಂಬೆಹಣ್ಣು ಉರುಳಿ ಬೀದಿಗೆ ಹೋಗುತ್ತಿತ್ತು. ಗೆಳತಿಯರನ್ನು ನಾನು ಮನೆಗೆ ಕರೆದದ್ದೇ ಇಲ್ಲ. ನಾಚಿಕೆಯಾಗುತ್ತಿತ್ತು.

ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಜಮೀನ್ದಾರರ ಮಗ ಕುದುರೆ ನೋಡಲು ಬರುತ್ತಿದ್ದರು. ಅವರೀಗ ಎಂಬತ್ತು ದಾಟಿದ ವಕೀಲರು. ಹಾಗಾಗಿ ಅಪ್ಪ ಬೆಳಗ್ಗೆಯೇ ಮಂಚ, ಟಿವಿ, ಫ್ರಿಜ್ಜು ಎಲ್ಲವನ್ನೂ ಪಕ್ಕದ ಮನೆಗೆ ಸಾಗಿಸಿ, ಭದ್ರಾವತಿಯ ಕಾಗದನಗರದಿಂದ ಟೆಂಪೋದಲ್ಲಿ ಕುದುರೆ ತರಿಸುತ್ತಿದ್ದರು. ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುವ ಬಿಳಿ ಕುದುರೆ. ಒಂದು ವರ್ಷ ಅದರ ಕುತ್ತಿಗೆಯಲ್ಲಿ ಯಾರದೋ ಮದುವೆಯ ಹಾರ ಇನ್ನೂ ನೇತಾಡುತ್ತಿತ್ತು. ವಕೀಲರು ಏನೂ ಕೇಳದೆ ಪೂಜೆ ಮಾಡಿಸಿ, ಬೂದುಗುಂಬಳಕಾಯಿ ಒಡೆಸಿ, ಕಾಫಿ ಕುಡಿದು ಹೋಗುತ್ತಿದ್ದರು.

ಹೋದ ವರ್ಷ ನಾನು ಚೀಟಿ ಹಣ ಎತ್ತಿ ನೆಲಕ್ಕೆ ಟೈಲ್ಸ್ ಹಾಕಿಸಿದೆ. ಕಲ್ಲಿನ ಮೇಲೆ ಮರಳು, ಸಿಮೆಂಟು ಹಾಕಿ ಮಟ್ಟ ಮಾಡಿ, ಮುಖ ಕಾಣುವಂಥ ಕೆನೆಬಣ್ಣದ ಟೈಲ್ಸ್. ನಿಂಬೆಹಣ್ಣು ಇಟ್ಟಲ್ಲೇ ಕೂತಾಗ ನಿಜವಾಗಿ ಅತ್ತುಬಿಟ್ಟೆ. ಅಪ್ಪನೂ ಟೈಲ್ಸ್ ಸವರಿ ಸವರಿ ನೋಡಿದರು. ಕುದುರೆಯ ನೆನಪು ಇಬ್ಬರಿಗೂ ಬರಲಿಲ್ಲ.

ಆಯುಧಪೂಜೆ ಬಂತು. ಕುದುರೆ ಹೊಸ್ತಿಲವರೆಗೂ ಬಂದು, ಒಳಗೆ ಒಂದು ಗೊರಸು ಇಟ್ಟಿತು. ಜಾರಿತು. ಗೊರಸನ್ನು ವಾಪಸ್ ತೆಗೆದುಕೊಂಡು ನಿಂತುಬಿಟ್ಟಿತು.

"ಏನ್ ಸಾರ್, ಕುದ್ರೆ ಲಾಯಕ್ಕೆ ಯಾರಾದ್ರೂ ಟೈಲ್ಸ್ ಹಾಕಿಸ್ತಾರಾ?" ಅಂದ ಕುದುರೆಯವನು.

"ನನ್ ಮಗಳು ಹಾಕಿಸ್ತಾಳೆ," ಅಂದರು ಅಪ್ಪ.

ಅಡಿಕೆ ಚೀಲ ಹಾಸಿದೆವು, ಚೀಲವೇ ಜಾರಿತು. ಹಾಸಿಗೆ ಹಾಸಿದೆವು, ಕುದುರೆ ಅದರ ಹೊಲಿಗೆ ಬಿಚ್ಚಿ ಹತ್ತಿ ತಿನ್ನಲು ಶುರುಮಾಡಿತು. ಬೆಲ್ಲ ತೋರಿಸಿ ತೋರಿಸಿ ಮುಂಗಾಲೆರಡನ್ನು ಒಳಗೆ ತರುವಷ್ಟರಲ್ಲಿ ವಕೀಲರ ಆಟೋ ಬಂದು ನಿಂತಿತು. ಕುದುರೆಯ ಹಿಂಭಾಗ ಪೂರ್ತಿ ಬೀದಿಯಲ್ಲಿತ್ತು. ಮನೆ ಹೋಯಿತು, ಅದೂ ನನ್ನ ಶೋಕಿಗೆ, ಅಂದುಕೊಂಡೆ.

ಬಾಗಿಲಿಗೆ ಕುದುರೆಯೇ ಅಡ್ಡವಾದ್ದರಿಂದ ವಕೀಲರು ಕಿಟಕಿಯಿಂದ ಇಣುಕಿದರು.

"ಎಷ್ಟು ಒಳಗಿದೆ?"

"ಅರ್ಧ, ಸ್ವಾಮಿ," ಅಂದರು ಅಪ್ಪ.

ವಕೀಲರು ಯೋಚಿಸಿದರು. "ತಿನ್ನೋ ಅರ್ಧ ಒಳಗಿದೆಯಲ್ಲ, ನಡೀತದೆ."

ಕಾಫಿಯನ್ನು ಕಿಟಕಿಯಿಂದಲೇ ಕೊಟ್ಟೆ. ಲೋಟ ವಾಪಸ್ ಕೊಡುವಾಗ ಅವರು ಮೆಲ್ಲಗೆ ಹೇಳಿದರು: "ಎರಡು ಕಾಲಿಗೆ ನಾನು ಒಪ್ಕೊಂಡೆ ಮಾರಾಯ್ತಿ. ಮುಂದಿನ ವರ್ಷ ಬರೋದು ನನ್ ಮಗ. ಅವ್ನು ನಾಲ್ಕೂ ಎಣಿಸ್ತಾನೆ."

ಮರುದಿನ ವಿಜಯದಶಮಿ. ಬೆಳಗ್ಗೆಯೇ ಸುತ್ತಿಗೆ ತೆಗೆದುಕೊಂಡು ಮೊದಲ ಟೈಲ್ಸ್ ನಾನೇ ಒಡೆದೆ. ಅಪ್ಪ ಚೂರುಗಳನ್ನು ಬುಟ್ಟಿಗೆ ತುಂಬಿದರು. ಸಂಜೆ ಹೊತ್ತಿಗೆ ಕಲ್ಲು ಕಂಡಿತು, ತಾತನ ಕುದುರೆ ನಿಂತು ನಿಂತು ಸವೆಸಿದ್ದ ನಾಲ್ಕು ತಗ್ಗುಗಳ ಸಮೇತ. ಊಟಕ್ಕೆ ಕೂತೆವು. ನಿಂಬೆಹಣ್ಣು ಬೀದಿ ಕಡೆಗೆ ಹೊರಟಿತು.

ಬನ್ನಿ ಕೊಡಲು ಬಂದಿದ್ದ ಗೆಳತಿಯೊಬ್ಬಳು ಅದನ್ನು ಎತ್ತಿಕೊಂಡು ಹೊಸ್ತಿಲಾಚೆ ನಿಂತಿದ್ದಳು. ಪ್ರತಿ ಸಲ ಎದ್ದು ಹೊರಗೆ ಹೋಗುತ್ತಿದ್ದ ನಾನು ಈ ಸಲ ಕೂತಲ್ಲೇ ಕೂತೆ. "ಒಳಗೆ ಬಾರೇ, ಇಲ್ಲಿ ಜಾರಲ್ಲ," ಅಂದೆ.