ನಡುವಿನ ಎರಡು ಬೋಲ್ಟು

ಬೋಲ್ಟುಗಳಲ್ಲಿ ಊನವಿರಲಿಲ್ಲ, ಅವುಗಳನ್ನು ನೆಟ್ಟ ಕಾಂಕ್ರೀಟು ಕಲ್ಲಿನಂತೆ ಬಿಗಿದಿತ್ತು, ಅವುಗಳ ಮೇಲೆ ಕೂರಬೇಕಾದ ಯಂತ್ರವೂ ಹೊಚ್ಚ ಹೊಸದು. ಆದರೂ ಯಂತ್ರ ಕೂರಲಿಲ್ಲ. ಯಾಕೆ ಅಂತ ನನಗೆ ತಿಳಿಯುವ ಹಾಗೆ ಹೇಳುವವರು ಆ ದಿನಗಳಲ್ಲಿ ಬಳ್ಳಾರಿಯಲ್ಲೂ ಸಿಗಲಿಲ್ಲ, ಸಿರುಗುಪ್ಪದಲ್ಲೂ ಸಿಗಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು, ಮುದುಕನ ಕಣ್ಣು ಹೋಗಿದೆ ಅಂತ. ಆ ಮುದುಕ ನನ್ನ ಮಾವ.

ಬಳ್ಳಾರಿಯಲ್ಲಿ ನಮ್ಮದೊಂದು ಲೇತ್ ಅಂಗಡಿ. ಮಾವ ಹಾಕಿದ್ದು, ಈಗ ನನ್ನ ಗಂಡ ನಡೆಸುತ್ತಾರೆ. ನಾನು ಬಿ.ಕಾಂ. ಓದಿದವಳು. ಬಿಲ್ಲು ಬರೆಯಲು ಅಂತ ಹೋಗಿ ಕೂತವಳು ಈಗ ಸಾಮಾನು ಗಾಡಿಗೇರಿಸುವುದರಿಂದ ಹಿಡಿದು ಗಿರಾಕಿಗಳ ಬಾಯಿ ಮುಚ್ಚಿಸುವವರೆಗೆ ಎಲ್ಲ ಮಾಡುತ್ತೇನೆ. ನಮ್ಮ ಮುಖ್ಯ ಕೆಲಸ ಫೌಂಡೇಶನ್ ಬೋಲ್ಟು. ಕುಡತಿನಿ ಕಡೆಯ ಶೆಡ್ಡುಗಳಿಗೆ, ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ, ಕಾಲುವೆ ಪಂಪುಗಳಿಗೆ ನಮ್ಮಲ್ಲಿಂದಲೇ ಹೋಗುತ್ತವೆ. ಮದುವೆಯಾಗಿ ಬಂದ ಹೊಸತರಲ್ಲಿ ಬೋಲ್ಟು ಅಂದರೆ ಸೈಕಲ್ಲಿಗೆ ಹಾಕುವಂಥದ್ದು ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಒಂದೊಂದೂ ನನ್ನ ಮೊಣಕಾಲಿಗೆ ಬರುವಷ್ಟು ಉದ್ದ.

ಮಾಡುವ ರೀತಿ ನೋಡಲು ಸುಲಭ. ಕಬ್ಬಿಣದ ಸರಳನ್ನು ಗರಗಸದ ಯಂತ್ರದಲ್ಲಿ ತುಂಡು ಮಾಡಿ, ಒಂದು ತುದಿಗೆ ಲೇತಿನಲ್ಲಿ ನಟ್ಟು ಕೂರುವ ಥ್ರೆಡ್ಡು ಹಾಕುತ್ತಾರೆ. ಇನ್ನೊಂದು ತುದಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುತ್ತಾರೆ. ಬಗ್ಗಿದ ಕಾಲು ಕಾಂಕ್ರೀಟಿನೊಳಗೆ ಹೂತು ಹೋಗುತ್ತದೆ, ಥ್ರೆಡ್ಡಿನ ತಲೆ ಮಾತ್ರ ಮೇಲೆ ಕಾಣುತ್ತದೆ. ಹಟ ಹಿಡಿದು ನೆಲಕ್ಕೆ ಕೂತ ಮಗುವಿನ ಹಾಗೆ, ಮೇಲಿಂದ ಎಷ್ಟು ಎಳೆದರೂ ಅದು ಏಳುವುದಿಲ್ಲ. ಮಾವ ಪ್ರತಿ ಬೋಲ್ಟಿಗೂ ನಟ್ಟು ಹಾಕಿ ಬೆರಳಿನಿಂದ ಒಮ್ಮೆ ತಿರುಗಿಸಿ ಬಿಡುವರು. ಎಲ್ಲೂ ತಡೆಯದೆ ಗರಗರ ಕೆಳಗಿಳಿದರೆ ಮಾತ್ರ ಪಾಸು. ಆಮೇಲೆ ಥ್ರೆಡ್ಡಿಗೆ ಸಿಮೆಂಟು ಮೆತ್ತದಿರಲಿ ಅಂತ ಗ್ರೀಸು ಬಳಿದು ಹಳೆ ಸೀರೆಯ ಚೂರು ಸುತ್ತುವುದು. ಆ ಸೀರೆಗಳೆಲ್ಲ ನನ್ನವು. ಹೊಸ ಸೀರೆ ಕೇಳಿದಾಗ ಗಂಡ ಮುಖ ಸಿಂಡರಿಸಿದರೆ, ಅಂಗಡಿಗೇ ಬೇಕಾಗುತ್ತದಲ್ಲ ಅನ್ನುತ್ತಿದ್ದೆ.

ಬೋಲ್ಟಿನ ಜೊತೆಗೆ ಟೆಂಪ್ಲೇಟು ಅಂತ ಒಂದು ಹೋಗುತ್ತದೆ. ಯಂತ್ರದ ಅಡಿಯಲ್ಲಿ ಎಲ್ಲೆಲ್ಲಿ ತೂತುಗಳಿವೆಯೋ ಅಲ್ಲಲ್ಲೇ ತೂತು ಕೊರೆದ ದಪ್ಪ ತಗಡು ಅದು. ಅಡಿಪಾಯದ ಗುಂಡಿಯ ಮೇಲೆ ಅದನ್ನಿಟ್ಟು, ತೂತುಗಳಲ್ಲಿ ಬೋಲ್ಟುಗಳನ್ನು ತೂಗುಹಾಕಿ, ಆಮೇಲೆ ಕಾಂಕ್ರೀಟು ಸುರಿಯುತ್ತಾರೆ. ಒಮ್ಮೆ ಬಿಗಿಯಿತೆಂದರೆ ಬೋಲ್ಟನ್ನು ಒಂದು ನೂಲಿನಷ್ಟೂ ಸರಿಸಲಾಗುವುದಿಲ್ಲ. ಹಾಗಾಗಿ ತಗಡಿನ ಕೆಲಸವನ್ನು ಮಾವ ಯಾರ ಕೈಗೂ ಕೊಡುತ್ತಿರಲಿಲ್ಲ, ಮಗನ ಕೈಗೂ.

ಅವರ ಕಣ್ಣಿನ ಪೊರೆ ತೆಗೆಸಿದ ಮೇಲೆ ಮನೆಯಲ್ಲಿ ಜಗಳ ಶುರುವಾಯಿತು. ಇನ್ನು ಸಾಕು, ಮನೆಯಲ್ಲಿ ಆರಾಮಾಗಿರು ಅಂತ ಮಗ. ಆರಾಮು ಅಂದರೆ ಏನು ಅಂತ ಅಪ್ಪ. ಕೊನೆಗೊಂದು ದಿನ ಊಟದ ತಟ್ಟೆಯ ಮುಂದೆ ಮಾವ ಗುಡುಗಿದರು: "ಒಂದ ಒಂದು ಕೆಲಸ ತಪ್ಪಿ ಬರಲಿ, ನಾನ ಲೇತಿನ ಸ್ವಿಚ್ಚು ಮುಟ್ಟಂಗಿಲ್ಲ. ಅಲ್ಲೀತನ ನನ್ನ ತಂಟಿಗೆ ಬರಬ್ಯಾಡ." ಗಂಡ ಆಗಲಿ ಅಂದರು. ಮಾವನ ಪಾಲಿಗೆ ಅಂಗಡಿಯೇ ಊರು, ಲೇತೇ ಒಡನಾಡಿ. ಅದನ್ನೆಲ್ಲ ಒಂದು ಮಾತಿಗೆ ಪಣವಿಟ್ಟಿದ್ದರು.

ಆಮೇಲೆ ಬಂದದ್ದೇ ಸಿರುಗುಪ್ಪದ ಕೆಲಸ. ಹೊಸ ಅಕ್ಕಿ ಗಿರಣಿ, ಅದರ ಬಾಯ್ಲರಿಗೊಂದು ದೊಡ್ಡ ಫ್ಯಾನು. ಯಂತ್ರ ಇನ್ನೂ ಬಂದಿರಲಿಲ್ಲ, ನಕ್ಷೆ ಮಾತ್ರ ಬಂದಿತ್ತು. ಆರು ತೂತು: ನಾಲ್ಕು ಮೂಲೆಗೆ ನಾಲ್ಕು, ನಡುವೆ ಎರಡು. ಮುಂದಿನ ಎರಡು ಮೂಲೆ ಹಿಂದಿನವಕ್ಕಿಂತ ತುಸು ಹತ್ತಿರ ಹತ್ತಿರ, ಹಾಗಾಗಿ ಯಂತ್ರವನ್ನು ಹಿಂದುಮುಂದಾಗಿ ತಿರುಗಿಸಿ ಕೂರಿಸುವ ಹಾಗಿರಲಿಲ್ಲ. ನಡುವಿನವು ಸರಿಯಾಗಿ ನಡುವೆ ಇರದೆ ಮೋಟಾರಿನ ಕಡೆ, ಅಂದರೆ ಬಲಕ್ಕೆ, ತುಸು ಸರಿದಿದ್ದವು. ಮಾವ ನಕ್ಷೆ ಹಿಡಿದು ತಗಡು ಕೊರೆದರು. ತೂತಿನ ಅಂಚುಗಳಿಗೆ ಎರಡೂ ಕಡೆ ಅರ ಹಾಕಿ ನುಣ್ಣಗೆ ಮಾಡಿದರು, ಅದು ಅವರ ಚಟ. ಕೊನೆಗೆ ಎಂದಿನಂತೆ ಸೀಮೆಸುಣ್ಣದಲ್ಲಿ ಒಂದು ಬದಿಗೆ 'ಮೇಲೆ' ಅಂತ ಬರೆದು ಕಳಿಸಿದರು.

ಕಾಂಕ್ರೀಟು ಬಿಗಿದು, ಫ್ಯಾನು ಬಂದು, ಒಂದು ಮಧ್ಯಾಹ್ನ ಗಿರಣಿಯ ಸಾವ್ಕಾರರ ಫೋನು. "ಏನಮ್ಮಾ, ನಾಕು ಮೂಲಿ ಕೂಡ್ತಾವ, ನಡುವಿನ ಎರಡು ಕೂಡವಲ್ವು. ಫ್ಯಾನು ಕ್ರೇನಿಗೆ ಜೋತಾಡಾಕ ಹತ್ತೈತಿ. ಜಲ್ದಿ ಬರ್ರಿ."

ನಾನೂ ಗಂಡನೂ ಹೊರಟೆವು. ಗಿರಣಿಯಲ್ಲಿ ಫ್ಯಾನು ನಿಜಕ್ಕೂ ಕ್ರೇನಿಗೆ ನೇತಾಡುತ್ತಿತ್ತು, ಸುತ್ತ ಜನ ಕತ್ತೆತ್ತಿ ನಿಂತಿದ್ದರು. ಗಂಡ ಮೂಲೆಯಲ್ಲಿ ಬಿದ್ದಿದ್ದ ನಮ್ಮ ತಗಡನ್ನು ತರಿಸಿದರು. ಅದರ ಮೇಲೆ ಪೂಜೆಯ ಅರಿಶಿನ ಕುಂಕುಮ ಒಣಗಿ ಅಂಟಿಕೊಂಡಿತ್ತು. ಬೋಲ್ಟುಗಳ ಮೇಲೆ ಇಟ್ಟರು, ತಗಡು ಸಲೀಸಾಗಿ ಕೂತಿತು. ಆರಕ್ಕೆ ಆರೂ ಕೂತವು. ನನಗೆ ಹೋದ ಜೀವ ಬಂದಂತಾಯಿತು. "ನೋಡ್ರಿ, ನಮ್ದು ಸರಿ ಐತಿ" ಅಂದೆ.

"ಏನು ಸರಿ ಐತಿ?" ಅಂದರು ಗಂಡ, ನಕ್ಷೆಯನ್ನು ತಗಡಿನ ಪಕ್ಕ ಹರಡಿ. "ನಕ್ಷಾದಾಗ ನಡುವಿನವು ಬಲಕ್ಕ ಅದಾವ. ತಗಡಿನಾಗ ಎಡಕ್ಕ ಅದಾವ. ಅಪ್ಪ ಎಡ ಬಲ ಅದಲು ಬದಲು ಮಾಡ್ಯಾನ."

ನನ್ನ ತಲೆಗೆ ಹತ್ತಲಿಲ್ಲ. ನಾಲ್ಕು ತೂತು ಅಷ್ಟು ಕರಾರುವಾಕ್ಕಾಗಿ ಕೊರೆದ ಕೈ ಎರಡರಲ್ಲಿ ಮಾತ್ರ ಯಾಕೆ ತಪ್ಪುತ್ತದೆ? ತಪ್ಪಿದರೂ ಬಲಕ್ಕೆ ಎಷ್ಟು ಸರಿಯಬೇಕಿತ್ತೋ ಎಡಕ್ಕೆ ಸರಿಯಾಗಿ ಅಷ್ಟೇ ಸರಿಯುತ್ತದೆಯೇ? ಕಣ್ಣು ಮಂಜಾದವರು ಅಂದಾಜು ತಪ್ಪುತ್ತಾರೆ, ಎಡವನ್ನು ಬಲ ಅಂತ ಕಾಣುತ್ತಾರೆಯೇ? ಆದರೆ ತಗಡು ಕಣ್ಣೆದುರೇ ಬಿದ್ದಿತ್ತು, ನಕ್ಷೆಯೂ ಕಣ್ಣೆದುರೇ ಇತ್ತು. ಒಮ್ಮೆ ನಕ್ಷೆ ನೋಡಿದೆ, ಒಮ್ಮೆ ತಗಡು ನೋಡಿದೆ. ಸಾಕ್ಷಿ ಇಷ್ಟು ಸ್ಪಷ್ಟವಾಗಿರುವಾಗ ನನ್ನ ಬಿ.ಕಾಂ. ಬುದ್ಧಿ ಯಾವ ಲೆಕ್ಕದ್ದು ಅಂತ ಸುಮ್ಮನಾದೆ. ಒಳಗೆ ಮಾತ್ರ ಸಿಟ್ಟು, ಯಾರ ಮೇಲೆ ಅಂತ ಗೊತ್ತಿಲ್ಲದ ಸಿಟ್ಟು.

ಮನೆಗೆ ಬಂದು ಗಂಡ ವಿಷಯ ಹೇಳಿದರು. ಮಾವ ಹಾರಾಡುತ್ತಾರೆ ಅಂತ ನಾನು ಕಾದೆ. ತರಕಾರಿ ಗಾಡಿಯವನು ತಕ್ಕಡಿ ತುಸು ವಾಲಿಸಿದರೂ ಬೀದಿ ಕೂಡಿಸುವ ಮನುಷ್ಯ ಅವರು. ಆದರೆ "ನಡುವಿನ ಎರಡಾ?" ಅಂತ ಕೇಳಿದರು, ಅಷ್ಟೇ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಆಗಿರಬೇಕು ಬಿಡು" ಅಂದರು. ಮರುದಿನ ಅಂಗಡಿಗೆ ಬರಲಿಲ್ಲ. ನಾನು ಕರೆದರೆ, "ಮಾತು ಅಂದ್ರ ಮಾತಮ್ಮಾ" ಅಂದರು. ಮಂಚದ ಮೇಲೆ ಕೂತು ಅಕ್ಕಿ ಆರಿಸತೊಡಗಿದರು. ಕಲ್ಲೇ ಇಲ್ಲದ ಅಕ್ಕಿ ಅದು, ನಾನೇ ಕೊಟ್ಟದ್ದು.

ಆ ವಾರ ಮನೆಯಲ್ಲಿ ಯಾರ ಮುಖ ನೋಡಿದರೂ ನನಗೆ ಏನೋ ಬಿಟ್ಟುಹೋಗಿದೆ ಅನ್ನಿಸುತ್ತಿತ್ತು. ಗಂಡನೂ ಗೆದ್ದವರ ಹಾಗೆ ಇರಲಿಲ್ಲ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಿನಿಂದ ಆರು ಚುಕ್ಕೆ ಇಡುವರು, ಅಳಿಸುವರು. "ಏನ್ರಿ ಅದು?" ಅಂದರೆ, "ಏನಿಲ್ಲ" ಅನ್ನುವರು. ಅಷ್ಟರಲ್ಲಿ ಸಿರುಗುಪ್ಪದಲ್ಲಿ ದುರಸ್ತಿ ಶುರುವಾಗಿತ್ತು. ನಡುವಿನ ಎರಡು ಬೋಲ್ಟುಗಳನ್ನು ನೆಲಸಮ ಕತ್ತರಿಸಿ, ಸರಿಯಾದ ಜಾಗದಲ್ಲಿ ಕಾಂಕ್ರೀಟು ಕೊರೆದು, ಧೂಳು ಊದಿ ತೆಗೆದು, ರಾಸಾಯನಿಕ ಅಂಟು ತುಂಬಿ, ಹೊಸ ಸರಳು ಇಳಿಸುವುದು. ಇವರೇ ನಿಂತು ಮಾಡಿಸಿದರು, ಯಂತ್ರ ಕೂತಿತು. ಎಲ್ಲರಿಗೂ ವಿಷಯ ಅಲ್ಲಿಗೆ ಮುಗಿಯಿತು, ನನಗೊಬ್ಬಳಿಗೆ ಮುಗಿಯಲಿಲ್ಲ.

ಕುರುಗೋಡಿನಲ್ಲಿ ಒಂದು ಶೆಡ್ಡಿಗೆ ಬೋಲ್ಟು ಒಪ್ಪಿಸುವುದಿತ್ತು. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ನಾನೇ ಹೋದೆ. ಅಲ್ಲಿ ಅಡಿಪಾಯ ಹಾಕುತ್ತಿದ್ದವನು ಸಿರುಗುಪ್ಪದ ಆ ಕೆಲಸ ಮಾಡಿದ ಮೇಸ್ತ್ರಿಯೇ. ಬಂಡೆಗುಡ್ಡದ ನೆರಳಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ. ನಾನೂ ಒಂದು ಕಲ್ಲಿನ ಮೇಲೆ ಕೂತು, ಅವತ್ತು ತಗಡು ಹೇಗೆ ಇಟ್ಟೆ, ಮೊದಲಿಂದ ಹೇಳು ಅಂದೆ.

"ಹೆಂಗ ಅಂದ್ರ? ಎಲ್ಲಾ ಇಟ್ಟಂಗ ಇಟ್ಟೆ ಅಕ್ಕಾರ," ಅಂದ. "ತಗಡು ಬಂದಾಗ ಅದರ ಮ್ಯಾಲ ಸೀಮಿಸುಣ್ಣದಾಗ 'ಮೇಲೆ' ಅಂತ ಬರದಿತ್ತು. ಸಾವ್ಕಾರ್ರ ಅವ್ವಾರು ಪೂಜಿಗೆ ಬಂದ್ರು. ಗಿರಣಿಗೆ ಮೊದಲನೇ ಅಡಿಪಾಯ ಅಲ್ರಿ, ತಗಡಿಗೆ ನೀರು ಹಾಕಿ ತೊಳದ್ರು. ಆ ಕಡಿ ಸುಣ್ಣ ಕಲಸಿ ರಾಡಿ ಆತು. ತಿರುವಿ ಹಾಕಿಸಿ, ಸ್ವಚ್ಛ ಇದ್ದ ಕಡಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡದ್ರು."

"ಆಮ್ಯಾಲ ನೀನು ಯಾವ ಕಡಿ ಮ್ಯಾಲ ಮಾಡಿ ಇಟ್ಟಿ?"

ಅವನು ನನ್ನನ್ನು ಎಂಥ ಹೆಂಗಸು ಇವಳು ಅನ್ನುವ ಹಾಗೆ ನೋಡಿದ. "ಕುಂಕುಮ ಹಚ್ಚಿದ್ದನ್ನ ಬುಡಕ ಹಾಕಾಕ ಬರ್ತೈತೇನ್ರಿ? ಅದರ ಮ್ಯಾಲ ಕಾಂಕ್ರೀಟು ಮೆತ್ತಾಕ ಬರ್ತೈತೇನು? ಕುಂಕುಮ ಮ್ಯಾಲ ಮಾಡೇ ಇಟ್ಟೆ. ತೂತು ಆ ಕಡಿಯಿಂದ ನೋಡಿದ್ರೂ ಅವ, ಈ ಕಡಿಯಿಂದ ನೋಡಿದ್ರೂ ಅವ. ಏನು ಫರಕು ಐತಿ?"

ಹೌದಲ್ಲ, ಏನು ಫರಕು ಅಂತ ನನಗೂ ಒಂದು ಕ್ಷಣ ಅನ್ನಿಸಿತು. ಆಮೇಲೆ ಎಡಗೈಯನ್ನು ತೊಡೆಯ ಮೇಲೆ ಬೋರಲು ಇಟ್ಟು ನೋಡಿದೆ. ಹೆಬ್ಬೆರಳು ಬಲಕ್ಕಿತ್ತು. ಮಗುಚಿ ಅಂಗೈ ಮೇಲೆ ಮಾಡಿದೆ. ಹೆಬ್ಬೆರಳು ಎಡಕ್ಕೆ ಬಂತು. ಬೆರಳುಗಳು ಅವೇ, ಕೈಯೂ ಅದೇ. ಮಾವ ಬಲಕ್ಕೇ ಕೊರೆದಿದ್ದರು. ಮಗುಚಿದ ತಗಡನ್ನು ನೋಡಿ ನಾವೆಲ್ಲ ಎಡ ಅಂದಿದ್ದೆವು.

ಮೇಸ್ತ್ರಿಗೆ ಬೈಯೋಣ ಅಂತ ಬಾಯಿ ತೆರೆದೆ, ಬೈಗುಳ ಬರಲಿಲ್ಲ. ಅಲ್ಲಿ ನಾನಿದ್ದರೂ ಕುಂಕುಮವನ್ನು ಮೇಲೆ ಮಾಡಿಯೇ ಇಡಿಸುತ್ತಿದ್ದೆ. ಸಾವ್ಕಾರರ ತಾಯಿಗೆ ಏನನ್ನಲಿ, ಪೂಜೆ ಮಾಡಬೇಡಿ ಅನ್ನಲೇ? ಗಂಡನಿಗೆ ಫೋನು ಮಾಡಿ ಹೇಳಿದೆ. ಆ ಕಡೆ ಲೇತಿನ ಸದ್ದು ನಿಂತಿತು. ಆಮೇಲೆ, "ಅಪ್ಪಗ ನೀನ ಹೇಳು. ನನ್ನ ಕಡಿಂದ ಆಗಂಗಿಲ್ಲ" ಅಂದರು.

ಮನೆಯ ಮೆಟ್ಟಿಲು ಹತ್ತುವಾಗಲೇ ಕೂಗುತ್ತಾ ಹತ್ತಿದೆ. ಮಾವನ ಮಂಚದ ಮುಂದೆ ಕೂತು, ಕೈ ಬೋರಲು ಮಾಡಿ, ಮಗುಚಿ, ಸುಣ್ಣ, ಕುಂಕುಮ, ಎಲ್ಲ ಒಂದೇ ಉಸಿರಿಗೆ ಹೇಳಿದೆ. "ಮಾವಾ, ತಪ್ಪು ನಿಮ್ಮದಲ್ರಿ. ನಾಳಿಂದ ಅಂಗಡಿಗೆ ನಡೀರಿ" ಅಂದೆ. ಅವರು ನಗುತ್ತಾರೆ, ಇಲ್ಲವೇ ಮಗನಿಗೆ ನಾಲ್ಕು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟು ನನ್ನ ಕೈಯನ್ನೇ ನೋಡುತ್ತಾ ಕೂತರು.

"ನಂದಲ್ಲ?"

"ನಿಮ್ಮದಲ್ಲ."

"ಖರೇನ?"

"ಖರೇರಿ. ನೀವು ಸರಿಯಾಗೇ ಕೊರದಿದ್ರಿ."

"ಮತ್ತ ನನಗ ನೆನಪಾತಲ್ಲಮ್ಮಾ," ಅಂದರು. ಧ್ವನಿ ಅವರದೇ ಅನ್ನಿಸಲಿಲ್ಲ. "ನೀವೆಲ್ಲಾ ನಂದ ಅಂದ ಮ್ಯಾಲ ಕುಂತು ಯೋಚನಿ ಮಾಡಿದೆ. ಎಲ್ಲಾ ನೆನಪಾತು. ನಕ್ಷಾ ಉಲ್ಟಾ ಹಿಡದಿದ್ದು, ಕಣ್ಣು ಉರಿದಿದ್ದು, ಇರಲಿ ಬಿಡು ಅಂತ ಡ್ರಿಲ್ಲು ಇಳಿಸಿದ್ದು, ಎಲ್ಲಾ ಕಣ್ಣಿಗೆ ಕಟ್ಟಿದಂಗ ಕಂಡಿತು. ನಾ ಮಾಡದ ಇದ್ದಿದ್ದು ನನಗ ಹೆಂಗ ನೆನಪಾತು?"

ಅಷ್ಟು ಹೊತ್ತು ತಗಡಿನ ಒಗಟು ಬಿಡಿಸಿದೆ ಅಂತ ಬೀಗುತ್ತಿದ್ದವಳು, ಚಾಚಿದ್ದ ಕೈಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡೆ. ಗಂಡ ಬಂದು ಬಾಗಿಲಲ್ಲಿ ನಿಂತಿದ್ದರು, ಒಳಗೆ ಬರಲಿಲ್ಲ.

ಮರುದಿನ ಮಾವ ಅಂಗಡಿಗೆ ಬಂದರು. ಗಂಡ ಲೇತು ಬಿಟ್ಟು ಸರಿದು ನಿಂತರು. ಮಾವ ಸರಳನ್ನು ಬಿಗಿದು, ಥ್ರೆಡ್ಡು ಎಲ್ಲಿಯವರೆಗೆ ಬರಬೇಕು ಅಂತ ಅಳೆದು ಗೆರೆ ಹಾಕಿದರು. ಸ್ವಿಚ್ಚಿನ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ತಿರುಗಿ, ಬಿಲ್ಲಿನ ಮೇಜಿನ ಮುಂದೆ ಕೂತಿದ್ದ ನನ್ನನ್ನು ಕರೆದರು.

"ಈ ಗೆರಿ ಸರಿ ಐತೇನಮ್ಮಾ? ನೋಡಿ ಹೇಳು."

ಲೇತಿನ ಗೆರೆ ನೋಡಿ ಸರಿ ತಪ್ಪು ಹೇಳುವಷ್ಟು ನನಗೆ ಯಾವತ್ತೂ ಗೊತ್ತಿಲ್ಲ, ಅದು ಅವರಿಗೂ ಗೊತ್ತು. ಬಗ್ಗಿ ನೋಡಿದೆ. "ಸರಿ ಐತ್ರಿ ಮಾವಾ" ಅಂದೆ. ಅವರು ನನ್ನ ಮಾತನ್ನು ನಂಬಿ ಸ್ವಿಚ್ಚು ಹಾಕಿದರು.